ನದಿ, ಸಮುದ್ರ ಶೋಧಕರ ಪುಸ್ತಕಗಳನ್ನು ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಾವು ಎಂಟು-ಹತ್ತು ಮಂದಿ ತಿಂಗಳಿಗೊಮ್ಮೆ ಸೇರಿ ಪುಸ್ತಕ ಓದುತ್ತೇವೆ. ಈ ವರ್ಷ ನದಿ, ಸಮುದ್ರ ಮತ್ತು ಅವುಗಳನ್ನು ಹುಡುಕುತ್ತ ಹೋದವರ ಬರಹ ಎಂದು ಆರಿಸಿಕೊಂಡೆವು. ನೈಲ್ ನದಿಯ ಮೂಲ ಹುಡುಕಿದವರಿಂದ ಶುರು ಮಾಡಿ ನೂರು ಪುಟ ದಾಟುವಷ್ಟರಲ್ಲಿ ದಾರಿ ತಪ್ಪಿತು. ಊರಿನ ಹೆಸರು ನಕ್ಷೆಯಲ್ಲಿ ಸಿಗುವುದಿಲ್ಲ, ಅಳತೆ ಅರ್ಥವಾಗುವುದಿಲ್ಲ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ. ಹೇಗೆ ಓದಬೇಕು? ನಮ್ಮ ತುಂಗೆ, ಶರಾವತಿಯ ಬಗ್ಗೆ ಹಳೆಯ ಪ್ರವಾಸಿಗರು ಬರೆದದ್ದಿದ್ದರೆ ಅದನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ ಸೇರಿಸಿಕೊಳ್ಳಿ. ಅಷ್ಟೇಕೆ, ಅಲ್ಲಿಂದಲೇ ಶುರು ಮಾಡಿ. ಕಣ್ಣಾರೆ ಕಂಡ ಹೊಳೆಯ ಬಗ್ಗೆ ಬರೆದದ್ದನ್ನು ಮೊದಲು ಓದಿದರೆ ಬರೆದವನು ಎಲ್ಲಿ ಅಳೆದ, ಎಲ್ಲಿ ಅಂದಾಜು ಹೊಡೆದ, ಎಲ್ಲಿ ಯಾರೋ ಹೇಳಿದ್ದನ್ನು ಕೇಳಿ ಬರೆದ ಎಂದು ಹಿಡಿಯುವ ಅಭ್ಯಾಸ ಆಗುತ್ತದೆ. ಆ ಅಭ್ಯಾಸ ಇಲ್ಲದೆ ನೈಲ್‌ಗೆ ಹೋದರೆ ನಿಮಗಾದದ್ದೇ ಎಲ್ಲರಿಗೂ ಆಗುತ್ತದೆ.

ಮೊದಲ ತಿಂಗಳಿಗೆ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳನ್ನು ಇಟ್ಟುಕೊಳ್ಳಿ. ಇವನು ಇಟಲಿಯವನು. 1623ರಲ್ಲಿ ಗೋವಾದ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಕಳಿಸಿದ ರಾಯಭಾರಿಯ ಜೊತೆ ಬಂದ. ಸಮುದ್ರದಲ್ಲಿ ಹೊನ್ನಾವರದವರೆಗೆ, ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ, ಆಮೇಲೆ ಘಟ್ಟ ಹತ್ತಿ ಸಾಗರದ ಮೇಲೆ ಇಕ್ಕೇರಿಗೆ. ಸಮುದ್ರ, ನದಿ, ಘಟ್ಟ ಮೂರೂ ಒಂದೇ ಪ್ರಯಾಣದಲ್ಲಿ ಬರುವುದರಿಂದ ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಇನ್ನೊಂದು ಅನುಕೂಲವೂ ಇದೆ. ಇವು ನೇಪಲ್ಸ್‌ನ ಗೆಳೆಯನಿಗೆ ಆಯಾ ಊರಿನಿಂದ ತಾರೀಖು ಹಾಕಿ ಬರೆದ ಪತ್ರಗಳು. ಹತ್ತು ವರ್ಷ ಬಿಟ್ಟು ನೆನಪಿನಿಂದ ಬರೆದ ಪುಸ್ತಕಕ್ಕೆ ಈ ಬಿಗಿ ಇರುವುದಿಲ್ಲ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುವುದನ್ನು ಅವನು ವರ್ಣಿಸಿರುವ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಅನುವಾದವನ್ನು ಹಕ್ಲುಯ್ಟ್ ಸೊಸೈಟಿ 1892ರಲ್ಲಿ ಅಚ್ಚು ಹಾಕಿದೆ. ಹಕ್ಕುಸ್ವಾಮ್ಯ ಮುಗಿದಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಎರಡನೆಯದು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಆದೇಶದ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿ, 1801ರಲ್ಲಿ ಘಟ್ಟ ಹತ್ತಿ ಇಕ್ಕೇರಿ, ನಗರ (ಬಿದನೂರು), ಶಿವಮೊಗ್ಗದ ಮೇಲೆ ಹಿಂತಿರುಗಿದ. 1807ರಲ್ಲಿ ಮೂರು ಸಂಪುಟವಾಗಿ ಲಂಡನ್‌ನಲ್ಲಿ ಅಚ್ಚಾಯಿತು. ನಮ್ಮ ಜಿಲ್ಲೆ ಮೂರನೆಯದರಲ್ಲಿದೆ. ರಸವತ್ತಾದ ಓದೇನಲ್ಲ. ಅಡಿಕೆ ತೋಟ, ಮೆಣಸು, ಕಂದಾಯ, ಧಾರಣೆ ಎಂದು ಪುಟಗಟ್ಟಲೆ ಹೋಗುತ್ತದೆ. ಮೂರೂ ಸಂಪುಟ ಓದುವ ಹಟ ಬೇಡ, ಘಟ್ಟ ಹತ್ತಿದ ಮೇಲಿನ ಭಾಗ ಸಾಕು. ಆದರೆ ಒಂದು ಮಾತು ಗುರುತು ಹಾಕಿಕೊಳ್ಳಿ: ಅವನು ಇಲ್ಲಿದ್ದದ್ದು ಮಳೆಗಾಲಕ್ಕೆ ಮುಂಚೆ. ಅವನು ದಾಟಿದ ಹೊಳೆಗಳೆಲ್ಲ ಬೇಸಿಗೆಯ ಹೊಳೆಗಳು. ಇದನ್ನು ಮರೆತು ಓದಿದರೆ ತುಂಗೆ ಆಗ ಸಣ್ಣ ನದಿಯಾಗಿತ್ತೇನೋ ಅನ್ನಿಸುತ್ತದೆ. ಯಾವ ನದಿಯ ಪುಸ್ತಕವಾದರೂ ಸರಿ, ಪ್ರತಿ ಅಧ್ಯಾಯದ ಮೇಲೆ ಪೆನ್ಸಿಲ್‌ನಲ್ಲಿ ತಿಂಗಳು ಬರೆದುಕೊಳ್ಳಿ.

ಹೆಸರಿನ ತೊಂದರೆ ಇಲ್ಲೂ ಬರುತ್ತದೆ, ಆದರೆ ಬಿಡಿಸುವುದು ಸುಲಭ. ಹೊನ್ನಾವರ ಹಳೆಯ ಪುಸ್ತಕಗಳಲ್ಲಿ ಓನೋರ್. ಬಸರೂರು ಬಾರ್ಸೆಲೋರ್. ನಗರ ಒಂದು ಕಡೆ ಬೆಡ್ನೋರ್, 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ. ಜೋಗ ಹುಡುಕಿದರೆ, ಜಿಲ್ಲೆಗಳ ವಿವರ ಕೊಟ್ಟು ಸರಕಾರ ಬರೆಸಿದ ಹಳೆಯ ಗ್ಯಾಸೆಟಿಯರ್‌ಗಳಲ್ಲಿ ಸಿಗದೆ ಹೋಗಬಹುದು. ಗೇರುಸೊಪ್ಪೆ ಜಲಪಾತ ಎಂದು ಹುಡುಕಬೇಕು. ಊರು ಗೇರುಸೊಪ್ಪೆ ಇರುವುದು ಜಲಪಾತದಿಂದ ಬಹಳ ಕೆಳಗೆ, ಘಟ್ಟದ ಬುಡದಲ್ಲಿ. ಇವೆರಡನ್ನೂ ಒಂದೇ ಜಾಗವೆಂದು ತಿಳಿದು ದೂರ ಲೆಕ್ಕ ಹಾಕಿದವರು ಕಡಿಮೆಯಿಲ್ಲ.

ಶರಾವತಿಯಲ್ಲಿ ಇನ್ನೊಂದು ತೊಡಕಿದೆ. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ಮೂಲವಾದ ಅಂಬುತೀರ್ಥದಿಂದ ಘಟ್ಟದ ಅಂಚಿನವರೆಗಿನ ನದಿ ರೈಸ್ ಸಂಪಾದಿಸಿದ ಮೈಸೂರು ಗ್ಯಾಸೆಟಿಯರ್‌ನಲ್ಲಿ, ಅಲ್ಲಿಂದ ಕೆಳಗಿನದು ಮುಂಬಯಿ ಗ್ಯಾಸೆಟಿಯರ್‌ನ ಕೆನರಾ ಸಂಪುಟದಲ್ಲಿ. 128 ಕಿ.ಮೀ. ಉದ್ದದ ಒಂದೇ ನದಿಗೆ ಎರಡು ಸರಕಾರದ ಎರಡು ಪುಸ್ತಕ. ಒಂದನ್ನಷ್ಟೇ ಓದಿದರೆ ನದಿ ನಡುವೆಯೇ ತುಂಡಾಗುತ್ತದೆ. 1964ರ ಲಿಂಗನಮಕ್ಕಿ ಅಣೆಕಟ್ಟೆಗಿಂತ ಹಳೆಯ ನಕ್ಷೆಯೊಂದನ್ನು ಸಂಪಾದಿಸುವುದೂ ಅಗತ್ಯ. ಹಳೆಯ ದಾರಿಗಳ ಎಷ್ಟೋ ಊರು ಈಗ ಹಿನ್ನೀರಿನ ಅಡಿಯಲ್ಲಿವೆ, ಇಂದಿನ ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣ ಮಾತ್ರ. ಮುಳುಗಿದವರ ಬದುಕನ್ನು ತಿಳಿಯಬೇಕೆಂದರೆ ನಾ. ಡಿಸೋಜರ ಮುಳುಗಡೆ, ದ್ವೀಪ ಕಾದಂಬರಿಗಳಿವೆ. ಅವನ್ನು ಕಾದಂಬರಿಯಾಗಿಯೇ ಓದಿ, ಅಳತೆ ಹುಡುಕಬೇಡಿ.

ಈಗ ಓದುವ ಕೆಲಸಕ್ಕೆ ಬರೋಣ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆ ಮೇಜಿನ ಮೇಲೆ ಬಿಚ್ಚಿಡಿ. ಇದರಲ್ಲಿ 1 ಸೆಂ.ಮೀ. ಅಂದರೆ 500 ಮೀಟರ್. ಹತ್ತಿಯ ನೂಲನ್ನು ತುಸು ಒದ್ದೆ ಮಾಡಿದರೆ ಹೊಳೆಯ ತಿರುವಿಗೆ ಅಂಟಿಕೊಂಡು ಕೂರುತ್ತದೆ. ಅಸಲು ನಕ್ಷೆಯಾದರೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲವೆ ಜೆರಾಕ್ಸ್ ಪ್ರತಿಯ ಮೇಲೆ ಮಾಡಿ. ಎರಡೂ ತುದಿಗೆ ಗುರುತು ಹಾಕಿ, ನೂಲು ಎತ್ತಿ, ಸ್ಕೇಲಿನಲ್ಲಿ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಇದೇ ಭಾಗವನ್ನು ಇಡೀ ರಾಜ್ಯದ ನಕ್ಷೆಯಲ್ಲಿ ಅಳೆದರೆ ನದಿ ಗಿಡ್ಡವಾಗುತ್ತದೆ, ಯಾಕೆಂದರೆ ಸಣ್ಣ ತಿರುವುಗಳನ್ನು ನಕ್ಷೆ ಮಾಡುವವರು ನೇರ ಮಾಡಿರುತ್ತಾರೆ. ತುಂಗೆಯ ಉದ್ದ ಸಾಮಾನ್ಯವಾಗಿ 147 ಕಿ.ಮೀ. ಎನ್ನುತ್ತಾರೆ, ಬೇರೆ ಪುಸ್ತಕದಲ್ಲಿ ಬೇರೆ ಅಂಕಿ ಕಂಡರೆ ಯಾರೋ ಸುಳ್ಳು ಹೇಳಿದರು ಎನ್ನುವ ಮೊದಲು ಯಾವ ನಕ್ಷೆಯಲ್ಲಿ ಅಳೆದರು ಎಂದು ಕೇಳಿ.

ಆಮೇಲೆ ಪುಸ್ತಕದಲ್ಲಿ ಬರುವ ದೂರ ಮತ್ತು ನೂಲಿನ ದೂರ ಎರಡನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯುತ್ತ ಹೋಗಿ. ಪ್ರವಾಸಿಗ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಜಾಸ್ತಿ ಹೇಳುತ್ತಿದ್ದರೆ, ನಡೆದ ಹೊತ್ತಿನ ಮೇಲೆ ದೂರ ಕಟ್ಟುತ್ತಿದ್ದಾನೆ ಎಂದರ್ಥ. ಅಂಥವನನ್ನು ನಂಬಬಹುದು, ಪ್ರಮಾಣ ಕಳೆದರಾಯಿತು. ಐದಾರು ಕಡೆ ಸರಿಯಾಗಿದ್ದು ಒಂದು ಕಡೆ ಮಾತ್ರ ಎರಡರಷ್ಟಾದರೆ ಅಲ್ಲಿ ನಿಲ್ಲಿ. ಒಂದೋ ಅವನು ಸುತ್ತು ದಾರಿ ಹಿಡಿದಿದ್ದಾನೆ, ಇಲ್ಲವೇ ಆ ಭಾಗವನ್ನು ಬೇರೆಯವರಿಂದ ಕೇಳಿ ಬರೆದಿದ್ದಾನೆ.

ಅಳತೆಗಳನ್ನು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಒಮ್ಮೆ ಬರೆದಿಟ್ಟುಕೊಂಡರೆ ಮತ್ತೆ ಮತ್ತೆ ಹುಡುಕುವ ಕಷ್ಟವಿಲ್ಲ. ನೆಲದ ಮೈಲಿ 1.61 ಕಿ.ಮೀ., ಸಮುದ್ರದ ಮೈಲಿ 1.852 ಕಿ.ಮೀ. ಫ್ಯಾದಮ್ ಅಂದರೆ 6 ಅಡಿ, ಹೂವಿನವರ ಒಂದು ಮಾರಿನಷ್ಟು. ಇಂಗ್ಲಿಷರ ಲೀಗ್ 3 ಮೈಲಿ, ಪೋರ್ಚುಗೀಸರದು ಅದಕ್ಕಿಂತ ಉದ್ದ. ಹಡಗಿನ ವೇಗ ಹೇಳುವ ನಾಟ್ ಬಂದದ್ದು ಹಗ್ಗದ ಗಂಟಿನಿಂದ: 47 ಅಡಿ 3 ಅಂಗುಲಕ್ಕೊಂದು ಗಂಟು ಹಾಕಿದ ಹಗ್ಗವನ್ನು ಮರದ ತುಂಡಿಗೆ ಕಟ್ಟಿ ನೀರಿಗೆ ಬಿಟ್ಟು, 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಹೋಯಿತು ಎಂದು ಎಣಿಸುತ್ತಿದ್ದರು. ಹಗ್ಗ ಒದ್ದೆಯಾಗಿ ಎಳೆದುಕೊಂಡರೆ, ಮರಳಿಗೆ ತೇವ ತಗುಲಿ ನಿಧಾನವಾಗಿ ಬಿದ್ದರೆ, ಹಡಗು ನಕ್ಷೆಯ ಮೇಲೆ ಬೇರೆಲ್ಲೋ ಇರುತ್ತಿತ್ತು.

ನಿಮ್ಮನ್ನು ಕಂಗೆಡಿಸಿದ್ದು ಬಹುಶಃ ಅಕ್ಷಾಂಶ, ರೇಖಾಂಶ, ಎತ್ತರ. ಈ ಮೂರಕ್ಕೂ ಒಂದೇ ಬೆಲೆ ಕೊಡಬೇಡಿ. ಅಕ್ಷಾಂಶವನ್ನು ನಡುಹಗಲಿನ ಸೂರ್ಯನ ಎತ್ತರದಿಂದಲೋ ನಕ್ಷತ್ರದಿಂದಲೋ ಅಳೆಯುತ್ತಿದ್ದರು. ಗಡಿಯಾರದ ಹಂಗು ಹೆಚ್ಚಿಲ್ಲ. ಒಂದು ಮಿನಿಟಿನಷ್ಟು ಕೋನ ತಪ್ಪಿದರೂ ನೆಲದಲ್ಲಿ 2 ಕಿ.ಮೀ. ಒಳಗಿನ ತಪ್ಪು. ರೇಖಾಂಶ ಹಾಗಲ್ಲ. ಹೊರಟ ಊರಿನ ಹೊತ್ತು ತೋರಿಸುವ ಗಡಿಯಾರಕ್ಕೂ ಇದ್ದಲ್ಲಿನ ಹೊತ್ತಿಗೂ ಇರುವ ಅಂತರದಿಂದ ಅದನ್ನು ತಿಳಿಯಬೇಕು. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ನಮ್ಮ ಶಿವಮೊಗ್ಗದ ಆಸುಪಾಸಿನಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿ.ಮೀ. ಗಡಿಯಾರ ಒಂದೇ ನಿಮಿಷ ಹಿಂದೆ ಬಿದ್ದರೂ ಊರು 27 ಕಿ.ಮೀ. ಆಚೆ ಹೋಗುತ್ತದೆ. ಇಂಗ್ಲಿಷ್ ನಾವಿಕ ಕುಕ್ ತನ್ನ ಎರಡನೇ ಯಾನಕ್ಕೆ, 1772ರಲ್ಲಿ, ಸಮುದ್ರದಲ್ಲೂ ಸರಿಯಾಗಿ ನಡೆಯುವ ಹ್ಯಾರಿಸನ್ನನ ಗಡಿಯಾರದ ಪಡಿಯಚ್ಚೊಂದನ್ನು ಹಡಗಿನಲ್ಲಿ ಒಯ್ದದ್ದು ಇದಕ್ಕಾಗಿ. ಆಫ್ರಿಕದ ಒಳನಾಡಿನಲ್ಲಿ ಹೊರೆಯಾಳುಗಳ ತಲೆಯ ಮೇಲೆ ಅಲುಗಾಡುತ್ತ ಹೋದ ಗಡಿಯಾರಗಳು ನಿಂತೇ ಹೋದವು. ಅಂಥ ಪುಸ್ತಕದಲ್ಲಿ ಊರು ಹುಡುಕುವಾಗ ಅಕ್ಷಾಂಶದ ಗೆರೆ ಹಿಡಿದು ಪೂರ್ವ-ಪಶ್ಚಿಮವಾಗಿ ಕಣ್ಣಾಡಿಸಿ, ಸಿಗುತ್ತದೆ.

ಎತ್ತರವನ್ನು ನೀರು ಕುದಿಸಿ ತಿಳಿಯುತ್ತಿದ್ದರು. ಸುಮಾರು 300 ಮೀಟರ್ ಮೇಲೇರಿದರೆ ನೀರು ಕುದಿಯುವ ಬಿಸಿ 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಉಪಾಯ ಸೊಗಸಾದದ್ದೇ. ಆದರೆ ಥರ್ಮಾಮೀಟರ್ ಅರ್ಧ ಡಿಗ್ರಿ ತಪ್ಪಿದರೆ ಎತ್ತರ 150 ಮೀಟರ್ ತಪ್ಪುತ್ತದೆ. 1858ರಲ್ಲಿ ನೈಲ್ ಮೂಲ ಹುಡುಕುತ್ತಿದ್ದ ಇಂಗ್ಲಿಷರಾದ ಬರ್ಟನ್ ಮತ್ತು ಸ್ಪೀಕ್ ಆಫ್ರಿಕದ ಟ್ಯಾಂಗನಿಕಾ ಸರೋವರದ ಎತ್ತರವನ್ನು ಸುಮಾರು 1,800 ಅಡಿ ಎಂದು ಕೊಟ್ಟರು. ನಿಜಕ್ಕೂ ಅದು 2,500 ಅಡಿಗಿಂತ ಮೇಲಿದೆ. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಯಾವ ಸರೋವರ ಯಾವ ನದಿಯ ತಾಯಿ ಎಂಬ ಜಗಳವೆಲ್ಲ ಇಂಥ ಅಂಕಿಗಳ ಮೇಲೆ ನಿಂತಿತ್ತು. ಸ್ಪೀಕ್ ವಿಕ್ಟೋರಿಯಾ ಸರೋವರವೇ ನೈಲ್‌ನ ಮೂಲ ಎಂದ, ಬರ್ಟನ್ ಒಪ್ಪಲಿಲ್ಲ. 1864ರಲ್ಲಿ ಇಬ್ಬರೂ ಎದುರುಬದುರಾಗಬೇಕಿದ್ದ ಸಭೆಯ ಹಿಂದಿನ ದಿನ ಸ್ಪೀಕ್ ಗುಂಡು ತಗುಲಿ ಸತ್ತ. ಲಿವಿಂಗ್‌ಸ್ಟನ್ ಲುವಾಲಾಬಾ ನದಿಯೇ ನೈಲ್ ಇರಬೇಕೆಂದು ಹುಡುಕುತ್ತಲೇ ತೀರಿಕೊಂಡ. 1874ರಲ್ಲಿ ಕ್ಯಾಮರೂನ್ ಅದೇ ನದಿಯ ದಡದ ನ್ಯಾಂಗ್ವೆಯ ಎತ್ತರ ಅಳೆದು, ಇದು ನೈಲ್ ದಡದ ಗೊಂಡೊಕೊರೊಗಿಂತ ತಗ್ಗಿನಲ್ಲಿದೆ, ಹಾಗಾದರೆ ಇಲ್ಲಿಂದ ಅಲ್ಲಿಗೆ ನೀರು ಹೋಗುವುದು ಹೇಗೆ ಎಂದು ಕೇಳಿದ. ಸ್ಟ್ಯಾನ್ಲಿ 1877ರಲ್ಲಿ ಆ ನದಿಯಲ್ಲೇ ಕೆಳಗಿಳಿದು ಅದು ಕಾಂಗೋ ಎಂದು ತೋರಿಸಿದ. ನೈಲ್‌ನ ಪುಸ್ತಕಗಳನ್ನು ಈ ಕ್ರಮದಲ್ಲಿ, ಬರ್ಟನ್, ಸ್ಪೀಕ್, ಲಿವಿಂಗ್‌ಸ್ಟನ್, ಕ್ಯಾಮರೂನ್, ಸ್ಟ್ಯಾನ್ಲಿ ಎಂದು, ಒಬ್ಬೊಬ್ಬ ಸದಸ್ಯರು ಒಬ್ಬೊಬ್ಬರನ್ನು ಹಂಚಿಕೊಂಡು ಓದಿ. ಒಬ್ಬರೇ ಎಲ್ಲವನ್ನೂ ಓದುವ ಹರಕೆ ಬೇಡ.

ಯಾರನ್ನು ನಂಬಬೇಕು ಎಂಬ ಪ್ರಶ್ನೆಗೆ ಒಂದು ಒರೆಗಲ್ಲು ಇದೆ. ಬರೆದದ್ದು ದಡದಲ್ಲೋ, ಮನೆಗೆ ಬಂದ ಮೇಲೋ? ಪೊವೆಲ್ ಎಂಬ ಒಂದೇ ತೋಳಿನ ಭೂವಿಜ್ಞಾನಿ 1869ರಲ್ಲಿ ನಾಲ್ಕು ದೋಣಿ, ಒಂಬತ್ತು ಜನರೊಂದಿಗೆ ಅಮೆರಿಕದ ಕೊಲರಾಡೋ ನದಿಯ ಕಣಿವೆಗೆ ಇಳಿದ. ಮೇ 24ಕ್ಕೆ ಹೊರಟವರಲ್ಲಿ ಆಗಸ್ಟ್ ಕೊನೆಗೆ ಹೊರಬಂದವರು ಆರು ಮಂದಿ. ಅವನ ಪುಸ್ತಕ 1875ರದ್ದು, ಓದಲು ರೋಮಾಂಚನ. ಆದರೆ 1871-72ರ ಎರಡನೇ ಪ್ರಯಾಣದಲ್ಲಿ ನಡೆದದ್ದನ್ನೂ ಅವನು ಮೊದಲನೆಯದರೊಳಗೆ ಸೇರಿಸಿಬಿಟ್ಟಿದ್ದಾನೆ. ಇದು ಗೊತ್ತಾದದ್ದು ಅವನ ಜೊತೆಗಾರರ ದಿನಚರಿಗಳಿಂದ. ಆದ್ದರಿಂದ ನಾಯಕನ ಪುಸ್ತಕದ ಜೊತೆ ಅದೇ ದೋಣಿಯಲ್ಲಿದ್ದ ಇನ್ನೊಬ್ಬರ ದಿನಚರಿ ಸಿಕ್ಕರೆ ಬಿಡಬೇಡಿ. ಬ್ರಾಡ್ಲಿ ಎಂಬ ಜೊತೆಗಾರ ಯಾರಿಗೂ ಗೊತ್ತಾಗದಂತೆ ಬರೆದಿಟ್ಟದ್ದು ಹೀಗೆ ಉಪಯೋಗಕ್ಕೆ ಬಂತು.

ಮಧ್ಯದಲ್ಲಿ ಗುಮಾಸ್ತನೊಬ್ಬ ಕೂತರೆ ಏನಾಗುತ್ತದೆ ಎಂಬುದಕ್ಕೆ ಕಿಂತುಪ್‌ನ ಕಥೆ ಸಾಕು. ಟಿಬೆಟ್ಟಿನ ಸಾಂಗ್ಪೊವೇ ಅಸ್ಸಾಮಿನ ಬ್ರಹ್ಮಪುತ್ರವೇ ಎಂದು ತಿಳಿಯಲು 1880ರಲ್ಲಿ ಸರ್ವೇ ಇಲಾಖೆಯ ಕಡೆಯಿಂದ ಹೋದ ಈತ ಸಿಕ್ಕಿಮಿನವನು, ಓದು-ಬರಹ ಬಾರದು. ಜೊತೆಗೆ ಹೋದ ಲಾಮಾ ಇವನನ್ನು ಜೀತಕ್ಕೆ ಮಾರಿಬಿಟ್ಟ. ತಪ್ಪಿಸಿಕೊಂಡ ಮೇಲೂ ಒಪ್ಪಿಕೊಂಡ ಕೆಲಸ ಬಿಡದೆ, ಗುರುತು ಹಾಕಿದ 500 ಮರದ ತುಂಡುಗಳನ್ನು ದಿನಕ್ಕೆ 50ರಂತೆ ಹೊಳೆಗೆ ಬಿಟ್ಟ. ಕೆಳಗೆ ನೋಡಬೇಕಿದ್ದವರಿಗೆ ಅವನ ಪತ್ರ ಹೊತ್ತಿಗೆ ಸರಿಯಾಗಿ ತಲುಪಲೇ ಇಲ್ಲ. ತುಂಡುಗಳು ಯಾರ ಕಣ್ಣಿಗೂ ಬೀಳದೆ ಸಮುದ್ರ ಸೇರಿದವು. 1884ರಲ್ಲಿ ವಾಪಸು ಬಂದು ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬರೆದುಕೊಂಡರು. ಆ ಬರಹದಲ್ಲಿ ಮುಖ್ಯ ನದಿಗೆ 150 ಅಡಿಯ ಜಲಪಾತ ಹುಟ್ಟಿಕೊಂಡಿತು. 1913ರಲ್ಲಿ ಬೇಲಿ ಮತ್ತು ಮೋರ್ಸ್‌ಹೆಡ್ ಅಲ್ಲಿಗೆ ಹೋಗಿ ನೋಡಿದರೆ ನದಿಯಲ್ಲಿದ್ದದ್ದು ಸುಮಾರು 30 ಅಡಿಯದು. ಎತ್ತರದ ಜಲಪಾತ ಪಕ್ಕದ ಹಳ್ಳದ್ದು. ಕಿಂತುಪ್ ಹೇಳಿದ್ದು ಸರಿಯಿತ್ತು, ಬರೆದುಕೊಂಡವರು ಎರಡನ್ನೂ ಕಲಸಿದ್ದರು.

ಆದ್ದರಿಂದ ಪುಸ್ತಕದಲ್ಲಿ ದಾರಿ ತೋರಿಸಿದವರ ಹೆಸರು ಬಂದಲ್ಲೆಲ್ಲ ಗೆರೆ ಎಳೆಯಿರಿ. ಬರ್ಟನ್, ಸ್ಪೀಕ್, ಕ್ಯಾಮರೂನ್, ಸ್ಟ್ಯಾನ್ಲಿ ನಾಲ್ವರಿಗೂ ದುಡಿದ ಸಿದಿ ಮುಬಾರಕ್ ಬಾಂಬೆ, ಕುಕ್‌ನ ಹಡಗಿನಲ್ಲಿದ್ದು ತನ್ನ ಸುತ್ತಿನ ದ್ವೀಪಗಳ ನಕ್ಷೆ ಬರೆಸಿದ ತುಪಾಯಾ, ನೂರು ಮಣಿಯ ಜಪಮಾಲೆಯಲ್ಲಿ ಹೆಜ್ಜೆ ಎಣಿಸುತ್ತ, ಸರ್ವೇ ಇಲಾಖೆಗಾಗಿ ಗುಟ್ಟಾಗಿ ಲ್ಹಾಸಾ ತಲುಪಿದ ನೈನ್ ಸಿಂಗ್. ಜಪಮಾಲೆಗೆ 108 ಮಣಿ ಇರಬೇಕು. ನೂರಿದ್ದದ್ದನ್ನು ಯಾರೂ ಎಣಿಸಿ ನೋಡಲಿಲ್ಲ.

ಸಮುದ್ರದ ಪುಸ್ತಕಗಳಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ಶೋಧ ಹಡಗಿನ 1872-76ರ ಯಾನ ಒಂದಿದ್ದರೆ ಸಾಕು. 1875ರಲ್ಲಿ ಪಶ್ಚಿಮ ಶಾಂತಸಾಗರದಲ್ಲಿ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿದಾಗ ಸಿಕ್ಕ ಆಳ 4,475 ಫ್ಯಾದಮ್. ಆರರಿಂದ ಗುಣಿಸಿ, ಅಡಿಗೆ ತನ್ನಿ, ಮೀಟರಿಗೆ ತನ್ನಿ: 8,184. ಜೋಗದ 253 ಮೀಟರಿನ ಪಕ್ಕದಲ್ಲಿಟ್ಟರೆ ಮೂವತ್ತೆರಡು ಜೋಗ.

ಇಷ್ಟು ಓದಿದ ಮೇಲೆ ನಿಮ್ಮ ಹೊಳೆಯನ್ನು ಒಮ್ಮೆ ನೀವೇ ಅಳೆಯಿರಿ, ಪುಸ್ತಕದ ಅಂಕಿಗಳ ಮೇಲೆ ಬೇರೆಯದೇ ಹಿಡಿತ ಬರುತ್ತದೆ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ, ಮೊಣಕಾಲಿಗಿಂತ ಮೇಲೆ ಬಾರದ ಹಳ್ಳವೊಂದನ್ನು ಆರಿಸಿ. ತುಂಗೆಯನ್ನೇ ಅಳೆಯಲು ಇಳಿಯಬೇಡಿ. ನೇರವಾಗಿರುವ, ಸುಳಿಯಿಲ್ಲದ 20 ಮೀಟರ್ ಜಾಗಕ್ಕೆ ಎರಡು ಹಗ್ಗ ಅಡ್ಡ ಕಟ್ಟಿ. ಅಡಿಕೆ ದಬ್ಬೆಗೆ ಸೆಂ.ಮೀ. ಗುರುತು ಹಾಕಿ, ಹಗ್ಗದ ಉದ್ದಕ್ಕೆ ಪ್ರತಿ ಅರ್ಧ ಮೀಟರಿಗೆ ಆಳ ನೋಡಿ. ಕಾಲುಸಂಕ ಇದ್ದರೆ ಅದರ ಮೇಲೆ ನಿಂತು ಇನ್ನೂ ಸುಲಭ. ಅರ್ಧ ನೀರು ತುಂಬಿದ ಸಣ್ಣ ಬಾಟಲಿಯನ್ನು ಮೇಲಿನ ಹಗ್ಗಕ್ಕಿಂತ ಎರಡು ಮೂರು ಮೀಟರ್ ಮೇಲಕ್ಕೆ ಬಿಡಿ, ಹಗ್ಗದ ಹತ್ತಿರ ಬರುವಷ್ಟರಲ್ಲಿ ಅದು ನೀರಿನ ವೇಗಕ್ಕೆ ಹೊಂದಿಕೊಂಡಿರುತ್ತದೆ. ಖಾಲಿ ಬಾಟಲಿಯಾದರೆ ಗಾಳಿ ಎಳೆಯುತ್ತದೆ. ನಡುವೆ, ಎಡಕ್ಕೆ, ಬಲಕ್ಕೆ ಎಂದು ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ.

ಅಗಲ 8 ಮೀಟರ್, ಸರಾಸರಿ ಆಳ 0.4 ಮೀಟರ್ ಇದ್ದರೆ ಅಡ್ಡಕೊಯ್ತ 3.2 ಚದರ ಮೀಟರ್. ಬಾಟಲಿ 20 ಮೀಟರನ್ನು 40 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದಲ್ಲಿ ಕಲ್ಲು ತಡೆಯುವುದರಿಂದ ಇಡೀ ನೀರು ಅಷ್ಟು ವೇಗದಲ್ಲಿ ಹೋಗುವುದಿಲ್ಲ, 0.8ರಿಂದ ಗುಣಿಸಬೇಕು, ಆಗ ಸರಾಸರಿ ವೇಗ ಸೆಕೆಂಡಿಗೆ 0.4 ಮೀಟರ್; ಬಂಡೆ ಜಾಸ್ತಿ ಇರುವ ತೆಳ್ಳನೆಯ ಹಳ್ಳಕ್ಕೆ 0.7 ಹಾಕಿ. 3.2ನ್ನು 0.4ರಿಂದ ಗುಣಿಸಿದರೆ 1.28 ಘನ ಮೀಟರ್, ಸೆಕೆಂಡಿಗೆ 1,280 ಲೀಟರ್, ಪತ್ರಿಕೆಯ ಭಾಷೆಯಲ್ಲಿ 45 ಕ್ಯೂಸೆಕ್. ಗಾಜನೂರು ಅಣೆಕಟ್ಟೆಯ ಒಳಹರಿವು ಇಷ್ಟು ಸಾವಿರ ಕ್ಯೂಸೆಕ್ ಎಂಬ ಸುದ್ದಿ ಆಮೇಲೆ ಓದಿ ನೋಡಿ.

ಮಳೆಗಾಲದಲ್ಲಿ ನೀರಿಗೆ ಇಳಿಯದೆಯೂ ಅಳೆಯಬಹುದು. ಶೃಂಗೇರಿಯ ಕಪ್ಪೆ ಶಂಕರ, ತೀರ್ಥಹಳ್ಳಿಯ ರಾಮಮಂಟಪ, ಶಿವಮೊಗ್ಗದ ಕೋರ್ಪಲಯ್ಯ ಮಂಟಪ ಮೂರೂ ತುಂಗೆಯ ಅಳತೆಗೋಲುಗಳೇ. ಎಷ್ಟನೇ ಮೆಟ್ಟಿಲಿಗೆ, ಎಷ್ಟು ಗಂಟೆಗೆ ನೀರು ಬಂತು ಎಂದು ಮೂರು ಊರಿನ ಮೂವರು ಬರೆದಿಟ್ಟರೆ ಒಂದು ನೆರೆ ಮೇಲಿನಿಂದ ಕೆಳಕ್ಕೆ ಇಳಿದ ಹೊತ್ತು ಕೈಗೆ ಸಿಗುತ್ತದೆ. ದಡದಿಂದ ದೂರವೇ ನಿಲ್ಲಿ. ಇಲ್ಲಿ ಬಿಸಿಲಿದ್ದರೂ ಆಗುಂಬೆ ಕಡೆ ಸುರಿದರೆ ನೀರು ಏರುತ್ತದೆ, ಅಣೆಕಟ್ಟೆಯ ಕೆಳಗಿದ್ದರೆ ಗೇಟು ಎತ್ತುವ ಸೈರನ್‌ಗೆ ಕಿವಿಗೊಡಿ. ತುಂಗೆ ಹುಟ್ಟುವ ಗಂಗಾಮೂಲ ನೋಡುವ ಆಸೆಯಿದ್ದರೆ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ, ಅರಣ್ಯ ಇಲಾಖೆಯ ಅನುಮತಿ ಮೊದಲು. ಇಂಬಳಕ್ಕೆ ಸುಣ್ಣವೋ ಉಪ್ಪೋ ಕಟ್ಟಿಕೊಂಡು ಹೋಗುವುದು ನಿಮಗೆ ಹೇಳಿಕೊಡಬೇಕಾದ್ದಿಲ್ಲ. ಬರೆಯುವುದು ಪೆನ್ಸಿಲ್‌ನಲ್ಲಿ, ಜೆಲ್ ಪೆನ್ನಿನ ಶಾಯಿ ಮೊದಲ ಹನಿಗೇ ಹರಡುತ್ತದೆ.

ಸ್ಕ್ಯಾನ್ ಪ್ರತಿ ಇಳಿಸಿಕೊಳ್ಳುವಾಗ ಒಂದು ಎಚ್ಚರ. ಹಳೆಯ ಪುಸ್ತಕಗಳ ಮಡಚಿದ ನಕ್ಷೆಯನ್ನು ಬಿಚ್ಚದೆ ಹಾಗೇ ಸ್ಕ್ಯಾನ್ ಮಾಡಿರುವುದುಂಟು. ಅದೇ ಪುಸ್ತಕದ ಬೇರೆ ಗ್ರಂಥಾಲಯದ ಪ್ರತಿಯನ್ನೂ ತೆರೆದು ನೋಡಿ, ನಕ್ಷೆ ಪೂರ್ತಿ ಇರುವುದನ್ನೇ ಇಟ್ಟುಕೊಳ್ಳಿ. ಕಾಗದದ ಪುಸ್ತಕ ಕೊಂಡರೆ ಆಷಾಢಕ್ಕೆ ಮೊದಲೇ ಕಪಾಟನ್ನು ಗೋಡೆಯಿಂದ ನಾಲ್ಕೈದು ಅಂಗುಲ ಈಚೆಗೆ ಎಳೆಯಿರಿ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ. ನುಸಿಗುಳಿಗೆ ಹುಳಕ್ಕೆ ಆದೀತು, ಬೂಷ್ಟಿಗೆ ಆಗದು. ಬೂಷ್ಟಿಗೆ ಗಾಳಿ ಆಡಬೇಕು. ಹಿಡಿದುಬಿಟ್ಟರೆ ಮನೆಯೊಳಗೆ ಕೊಡವದೆ, ಜಗಲಿಯ ನೆರಳಲ್ಲಿ ಪುಟ ಬಿಡಿಸಿಟ್ಟು ಒಣಗಿದ ಮೇಲೆ ಮೆತ್ತನೆಯ ಬ್ರಶ್‌ನಲ್ಲಿ ಹೊರಕ್ಕೆ ಉದುರಿಸಿ. ನೇರ ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗಿ, ಅಂಟು ಬಿಟ್ಟು, ಹಾಳೆಗಳು ಕೈಗೆ ಬರುತ್ತವೆ.